ಮೊರದ ಮೂಲೆಗೆ ತಳ್ಳಿದ ಕಾಳು ಎಲ್ಲಿಗೆ ಹೋಗುತ್ತದೆ?

ಕಡಲೆಕಾಯಿ ಬೀಜವನ್ನು ಮೊರಕ್ಕೆ ಸುರಿದುಕೊಂಡು ಆರಿಸುವುದು ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟವಾದ ಮೇಲಿನ ಕೆಲಸ. ಮುರುಟಿದ್ದು, ಕಪ್ಪಿಟ್ಟದ್ದು, ಹುಳ ಕೊರೆದದ್ದು, ಹಸಿರು ಪುಡಿ ಮೆತ್ತಿಕೊಂಡದ್ದು ಅಮ್ಮನ ಬೆರಳಿಗೆ ಕಣ್ಣಿಗಿಂತ ಮೊದಲೇ ಸಿಗುತ್ತಿದ್ದವು. ಅವನ್ನೆಲ್ಲ ಮೊರದ ಒಂದು ಮೂಲೆಗೆ ತಳ್ಳಿ, ಕೊನೆಗೆ ಆ ಹಿಡಿ ಕಾಳನ್ನು ಅಂಗಳಕ್ಕೆ ಎರಚಿದರೆ ಕೋಳಿಗಳು ಓಡಿ ಬರುತ್ತಿದ್ದವು. ಹೆಚ್ಚಿದ್ದರೆ ಹಸುವಿನ ಕಲಗಚ್ಚಿಗೆ ಬೀಳುತ್ತಿತ್ತು. ಅಲ್ಲಿಗೆ ಒಂದು ಕಾಳೂ ದಂಡವಾಗಲಿಲ್ಲ ಎಂಬ ಸಮಾಧಾನ.

ಈ ಕೆಲಸದ ಮೊದಲ ಅರ್ಧಕ್ಕೆ ಇಂದಿನ ವಿಜ್ಞಾನ ಪೂರ್ತಿ ಅಂಕ ಕೊಡುತ್ತದೆ. ಬೂಷ್ಟಿನ ವಿಷ ರಾಶಿಯ ಎಲ್ಲ ಕಾಳುಗಳಲ್ಲೂ ಸಮನಾಗಿ ಹರಡಿರುವುದಿಲ್ಲ. ಬಣ್ಣಗೆಟ್ಟ, ಮುರುಟಿದ, ಗಾಯಗೊಂಡ ಕೆಲವೇ ಕಾಳುಗಳಲ್ಲಿ ಅದರ ಬಹುಪಾಲು ಅಡಗಿರುತ್ತದೆ. ಅವನ್ನು ತೆಗೆದರೆ ವಿಷದ ದೊಡ್ಡ ಪಾಲನ್ನು ತೆಗೆದಂತೆಯೇ. ತಕರಾರು ಇರುವುದು ಎರಡನೆಯ ಅರ್ಧದಲ್ಲಿ. ತೆಗೆದದ್ದು ಹೋಗಿದ್ದು ಕೊಟ್ಟಿಗೆಗೆ. ಅಲ್ಲಿಂದ ಹಾಲಾಗಿ ಮತ್ತೆ ಅಡುಗೆಮನೆಗೆ. ದೇಶದ ಕಾಳುಕಡಿ ವ್ಯಾಪಾರ ಇವತ್ತು ಮಾಡುತ್ತಿರುವುದೂ ಇದನ್ನೇ, ಮೊರ ದೊಡ್ಡದು ಅಷ್ಟೆ. ಧಾನ್ಯಕ್ಕೆ ಬೂಷ್ಟು ಹಿಡಿಯುವ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕಾಳಿಗೆ ವಿಷ ಹೇಗೆ ಬಂತು ಎಂದು ಕೇಳುತ್ತಾರೆ. ಅದನ್ನೂ ಕೇಳೋಣ. ಆದರೆ ಕೆಟ್ಟದ್ದು ಎಂದು ಗೊತ್ತಾದ ಕಾಳನ್ನು ಕೊನೆಗೆ ಯಾರು ತಿನ್ನುತ್ತಾರೆ ಎಂಬುದು ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ.

ಆ ಹಸಿರು ಹಳದಿ ಪುಡಿಯ ಹೆಸರು ಆಸ್ಪರ್ಜಿಲಸ್ ಫ್ಲೇವಸ್. ಮಣ್ಣು, ಕೊಳೆತ ದಂಟು, ಗೋದಾಮಿನ ಧೂಳು, ಹಳೆಯ ಗೋಣಿಚೀಲದ ನೇಯ್ಗೆ, ಎಲ್ಲಿ ನೋಡಿದರೂ ಇರುವ ಶಿಲೀಂಧ್ರ. ಅದೂ ಅದರ ದಾಯಾದಿ ಆಸ್ಪರ್ಜಿಲಸ್ ಪ್ಯಾರಾಸಿಟಿಕಸ್ಸೂ ತಯಾರಿಸುವ ವಿಷವೇ ಅಫ್ಲಾಟಾಕ್ಸಿನ್. ಈ ಹೆಸರು ಹುಟ್ಟಿದ ಕಥೆಯೂ ಮೊರದ ಮೂಲೆಯಿಂದಲೇ ಶುರುವಾಗುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತುಬಿದ್ದವು. ಯಾವ ರೋಗಾಣುವೂ ಸಿಗಲಿಲ್ಲ. ಗೊತ್ತಿಲ್ಲದ್ದಕ್ಕೆ ಇಡುವ ಹೆಸರನ್ನೇ ಇಟ್ಟು 'ಟರ್ಕಿ ಎಕ್ಸ್' ಕಾಯಿಲೆ ಎಂದರು. ಕೊನೆಗೆ ಕಾರಣ ಸಿಕ್ಕಿದ್ದು ಮೇವಿನ ಚೀಲದಲ್ಲಿ: ಬ್ರೆಜಿಲ್‌ನಿಂದ ತರಿಸಿದ್ದ ಕಡಲೆಕಾಯಿ ಹಿಂಡಿ. ಎಣ್ಣೆ ತೆಗೆದ ಮೇಲೆ ಉಳಿಯುವ, ಮನುಷ್ಯ ತಿನ್ನದ, ಪ್ರಾಣಿಗೆ ಹಾಕುವ ವಸ್ತು.

ನೇರಳಾತೀತ ಬೆಳಕು ಬಿಟ್ಟಾಗ ನೀಲಿಯಾಗಿ ಹೊಳೆಯುವ ಅಫ್ಲಾಟಾಕ್ಸಿನ್‌ಗೆ ಬಿ ಎಂದೂ ಹಸಿರಾಗಿ ಹೊಳೆಯುವುದಕ್ಕೆ ಜಿ ಎಂದೂ ಹೆಸರಿಟ್ಟರು. ಎಲ್ಲಕ್ಕಿಂತ ಕೆಟ್ಟದ್ದು ಬಿ1. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಫ್ಲಾಟಾಕ್ಸಿನ್‌ಗಳನ್ನು ತಂಬಾಕಿನ ಸಾಲಿನಲ್ಲಿ, ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾಗಿರುವ ಮೊದಲ ಗುಂಪಿನಲ್ಲಿ ಇಟ್ಟಿದೆ. ಅದರ ಗುರಿ ಯಕೃತ್ತು. ಹೆಪಟೈಟಿಸ್ ಬಿ ಸೋಂಕು ಇರುವವರ ದೇಹಕ್ಕೆ ಈ ವಿಷವೂ ಸೇರಿದರೆ ಯಕೃತ್ತಿನ ಕ್ಯಾನ್ಸರಿನ ಅಪಾಯ ಕೂಡಿಕೆಯ ಲೆಕ್ಕದಲ್ಲಲ್ಲ, ಗುಣಾಕಾರದ ಲೆಕ್ಕದಲ್ಲಿ ಏರುತ್ತದೆ.

ಬೇಯಿಸಿದರೆ ಹೋಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಬೆಂಕಿಗೆ ಶಿಲೀಂಧ್ರ ಸಾಯುತ್ತದೆ, ವಿಷ ಸಾಯುವುದಿಲ್ಲ. ಅಫ್ಲಾಟಾಕ್ಸಿನ್ ಪೂರ್ತಿ ಒಡೆಯಲು 250 ಡಿಗ್ರಿ ಸೆಲ್ಸಿಯಸ್ಸಿಗೂ ಹೆಚ್ಚಿನ ಶಾಖ ಬೇಕು. ಕುಕ್ಕರ್ 120 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ರೊಟ್ಟಿಯ ಒಳಭಾಗ ಅಷ್ಟನ್ನೂ ಮುಟ್ಟುವುದಿಲ್ಲ. ಹುರಿದಾಗ ಒಂದಿಷ್ಟು ಪಾಲು ಇಳಿಯುತ್ತದೆ, ನಂಬಿ ಕೂರುವಷ್ಟಲ್ಲ.

ಹೊಲದಿಂದಲೇ ಹತ್ತಿದ್ದು

ಬೂಷ್ಟು ಎಂದರೆ ಗೋದಾಮಿನ ಕಾಯಿಲೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಕಡಲೆಕಾಯಿಗೆ ಸೋಂಕು ತಗಲುವುದು ಮಣ್ಣಿನೊಳಗೇ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ನೆಲ ಕಾದರೆ, ತನ್ನ ಕಾಯಿಯನ್ನು ಕಾಪಾಡಿಕೊಳ್ಳುವ ರಾಸಾಯನಿಕಗಳನ್ನು ತಯಾರಿಸುವ ಶಕ್ತಿ ಗಿಡಕ್ಕೆ ಉಳಿಯುವುದಿಲ್ಲ. ಅದೇ ಹೊತ್ತಿಗೆ ಗೆದ್ದಲು ಸಿಪ್ಪೆಯನ್ನು ಕೆರೆದಿರುತ್ತದೆ. ಬಿಸಿಲನ್ನೂ ಬರವನ್ನೂ ತಾಳಿಕೊಳ್ಳುವ ಫ್ಲೇವಸ್ ಶಿಲೀಂಧ್ರಕ್ಕೆ ಅದು ಸುಗ್ಗಿ. ಚಳ್ಳಕೆರೆ, ಪಾವಗಡ, ಶಿರಾ ಕಡೆಯ ಮಳೆಯಾಶ್ರಿತ ಕಡಲೆಕಾಯಿ ಹೊಲಗಳಿಗೆ ಇಂಥ ಕೊನೆಗಾಲದ ಬರ ಹೊಸದೇನಲ್ಲ. ಮೆಕ್ಕೆಜೋಳದಲ್ಲಿ ಈ ಶಿಲೀಂಧ್ರ ತೆನೆಯ ತುದಿಯ ಕೂದಲಿನ ದಾರಿ ಹಿಡಿಯುತ್ತದೆ, ಇಲ್ಲವೇ ಹುಳ ಕೊರೆದ ತೂತಿನ ದಾರಿ. ಅಮೆರಿಕ ಖಂಡದ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಸುಳಿ ತಿನ್ನುವ ಹುಳ ಎಂದು ಅದನ್ನು ಬೈಯುತ್ತೇವೆ. ತೆನೆಗೆ ಬಾಯಿ ಹಾಕಿದಾಗ ಅದು ಬೂಷ್ಟಿಗೂ ಬಾಗಿಲು ತೆರೆದಿಟ್ಟು ಹೋಗುತ್ತದೆ.

ಕೊಯ್ಲಾದ ಮೇಲಿನದು ನೀರಿನ ಲೆಕ್ಕ. ಕಾಳಿನಲ್ಲಿ ಎಷ್ಟು ನೀರಿದೆ ಎಂಬುದಕ್ಕಿಂತ ಅದರಲ್ಲಿ ಎಷ್ಟು ನೀರು ಶಿಲೀಂಧ್ರದ ಕೈಗೆ ಸಿಗುವಂತಿದೆ ಎಂಬುದು ಮುಖ್ಯ. ಪಿಷ್ಟವೂ ಪ್ರೋಟೀನೂ ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ, ಎಣ್ಣೆ ಹಿಡಿಯುವುದಿಲ್ಲ. ಹಾಗಾಗಿ ಜೋಳ, ಮೆಕ್ಕೆಜೋಳ ಶೇ 13ರ ತೇವಾಂಶದಲ್ಲಿ ನಿಶ್ಚಿಂತೆಯಿಂದ ಕೂತರೆ, ತೂಕದ ಅರ್ಧದಷ್ಟು ಎಣ್ಣೆಯೇ ಆಗಿರುವ ಕಡಲೆಕಾಯಿ ಬೀಜವನ್ನು ಶೇ 7ರ ಆಸುಪಾಸಿಗೆ ಇಳಿಸಬೇಕು. ಇನ್ನು ಚೀಲದೊಳಗೆ ಸುಮ್ಮನೆ ಬಿದ್ದಂತೆ ಕಾಣುವ ಕಾಳು ಉಸಿರಾಡುತ್ತಿರುತ್ತದೆ. ನುಸಿಯೂ ಉಸಿರಾಡುತ್ತದೆ, ಬೂಷ್ಟೂ ಉಸಿರಾಡುತ್ತದೆ. ಆ ಉಸಿರಿನಿಂದ ಶಾಖವೂ ನೀರೂ ಹುಟ್ಟುತ್ತವೆ. ಒಂದು ಮೂಲೆಯಲ್ಲಿ ಹಿಡಿದ ಬೂಷ್ಟು ತಾನು ಹಬ್ಬಲು ಬೇಕಾದ ತೇವವನ್ನು ತಾನೇ ತಯಾರಿಸಿಕೊಳ್ಳುತ್ತದೆ. ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿದಾಗ ಒಂದೆಡೆ ಬೆಚ್ಚಗೆ ತಾಗಿ ಮುಗ್ಗಲು ವಾಸನೆ ಹೊಡೆಯಿತೆಂದರೆ ಆ ಕೆಲಸ ಬಹಳ ದಿನದಿಂದ ನಡೆದಿದೆ ಎಂದರ್ಥ. ತಗಡಿನ ಮಾಡಿನ ಗೋದಾಮಿನಲ್ಲಿ ಇನ್ನೊಂದು ಉಪದ್ರವ: ಹಗಲು ಕಾಳಿನಿಂದ ಎದ್ದ ಆವಿ ರಾತ್ರಿ ತಣ್ಣಗಾದ ತಗಡಿಗೆ ತಾಗಿ ಹನಿಗಟ್ಟಿ ಮೇಲಿನ ಸಾಲಿನ ಚೀಲಗಳ ಮೇಲೆ ತೊಟ್ಟಿಕ್ಕುತ್ತದೆ. ಮಳೆ ಬಾರದೆಯೂ ಕಾಳು ನೆನೆಯುತ್ತದೆ.

ಅಕ್ಟೋಬರ್, ನವೆಂಬರ್‌ನಲ್ಲಿ ದಾವಣಗೆರೆ, ಹಾವೇರಿ ಕಡೆ ಹೋದವರಿಗೆ ರಸ್ತೆಯ ಅರ್ಧ ಭಾಗ ಮೆಕ್ಕೆಜೋಳದಿಂದ ಹಳದಿಯಾಗಿರುವುದು ಗೊತ್ತು. ಬೈಕಿನವರು ಬೈಯುತ್ತಾರೆ; ಅಪಘಾತಗಳೂ ಆಗುತ್ತವೆ, ಬೈಗುಳದಲ್ಲಿ ನ್ಯಾಯವಿದೆ. ಆದರೆ ಒಕ್ಕುವ ಯಂತ್ರ ಬಂದ ಮೇಲೆ ಸಗಣಿ ಸಾರಿಸಿ ಕಣ ಮಾಡುವ ರೂಢಿ ಹೋಯಿತು, ಕಣದ ಜಾಗವೂ ಹೋಯಿತು. ಯಂತ್ರ ಒಂದೇ ದಿನದಲ್ಲಿ ಹತ್ತಾರು ಕ್ವಿಂಟಲ್ ಹಸಿ ಕಾಳನ್ನು ಸುರಿದು ಮುಂದಿನ ಹೊಲಕ್ಕೆ ಹೋಗುತ್ತದೆ. ಎರಡೆಕರೆಯ ರೈತನಿಗೆ ಅಷ್ಟನ್ನು ಹರಡಲು ಡಾಂಬರು ರಸ್ತೆಯಷ್ಟು ಸಮತಟ್ಟಾದ, ಕಾದ ನೆಲ ಬೇರೆಲ್ಲಿದೆ? ಸರಿಯಾಗಿ ಆ ಹೊತ್ತಿಗೇ ಹಿಂಗಾರು ಮಳೆ ಬರುತ್ತದೆ. ಟಾರ್ಪಾಲು ಹೊದಿಸುತ್ತಾರೆ. ಟಾರ್ಪಾಲಿನ ಅಡಿಯಲ್ಲಿ ಹಸಿ ಕಾಳು ಎರಡು ದಿನ ಬೆವರುತ್ತದೆ. ಶಿಲೀಂಧ್ರಕ್ಕೆ ಎರಡು ದಿನ ಧಾರಾಳ ಸಾಕು.

ಒಣಗಿಸಿ ಎಂದು ರೈತನಿಗೆ ಬುದ್ಧಿ ಹೇಳುವವರು ಈ ಲೆಕ್ಕವನ್ನೂ ಮಾಡಬೇಕು. ಶೇ 20 ತೇವವಿರುವ ಒಂದು ಕ್ವಿಂಟಲ್ ಮೆಕ್ಕೆಜೋಳವನ್ನು ಶೇ 13ಕ್ಕೆ ಒಣಗಿಸಿದರೆ ಉಳಿಯುವುದು ಸುಮಾರು 92 ಕೆಜಿ. ಎಂಟು ಕೆಜಿ ತೂಕ ಗಾಳಿಗೆ ಹೋಯಿತು, ಕೂಲಿ ಬೇರೆ. ಎಪಿಎಂಸಿ ಯಾರ್ಡಿನಲ್ಲಿ ತೇವಾಂಶ ಹೆಚ್ಚಿದ್ದರೆ ದರ ಕಡಿಯುತ್ತಾರೆ. ವಿಷವಿಲ್ಲದ ಕಾಳಿಗೆ ಒಂದು ರೂಪಾಯಿ ಹೆಚ್ಚು ಕೊಡುವವರನ್ನು ನಾನಂತೂ ಕಂಡಿಲ್ಲ. 2025ರ ನವೆಂಬರ್‌ನಲ್ಲಿ ಮೆಕ್ಕೆಜೋಳದ ದರ ಕ್ವಿಂಟಲಿಗೆ 2,400 ರೂಪಾಯಿಯ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಬಿದ್ದು, ಹಾವೇರಿ, ಗದಗ ಭಾಗದ ರೈತರು ಖರೀದಿ ಕೇಂದ್ರಕ್ಕಾಗಿ ಬೀದಿಗಿಳಿದರು. ದರಕ್ಕಾಗಿ ಕಾಯುವ ರೈತನ ಕಾಳು ಅಷ್ಟು ದಿನ ಎಲ್ಲಿ ಕೂರುತ್ತದೆ? ಪಡಸಾಲೆಯಲ್ಲಿ, ಅದೇ ಟಾರ್ಪಾಲಿನ ಅಡಿಯಲ್ಲಿ. ಬೆಲೆಯ ಬಿಕ್ಕಟ್ಟು ಸದ್ದಿಲ್ಲದೆ ಆಹಾರ ಸುರಕ್ಷತೆಯ ಬಿಕ್ಕಟ್ಟಾಗಿ ತಿರುಗುವುದು ಹೀಗೆ.

ಮುಗ್ಗಿದ್ದನ್ನು ತಿಂದವರು

1974ರ ಕೊನೆಯ ತಿಂಗಳುಗಳಲ್ಲಿ ಗುಜರಾತಿನ ಪಂಚಮಹಲ್, ರಾಜಸ್ಥಾನದ ಬಾನ್ಸವಾಡಾ ಜಿಲ್ಲೆಗಳ ಆದಿವಾಸಿ ಹಳ್ಳಿಗಳಲ್ಲಿ ಜನರಿಗೆ ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು. ದಾಖಲಾದ 397 ರೋಗಿಗಳಲ್ಲಿ 106 ಮಂದಿ ತೀರಿಕೊಂಡರು. ಸಾಂಕ್ರಾಮಿಕ ಕಾಮಾಲೆ ಇರಬಹುದು ಎಂಬ ಅನುಮಾನ ಸಹಜವಾಗಿಯೇ ಬಂತು. ಆದರೆ ಆ ಮನೆಗಳಲ್ಲಿ ಎಂಜಲು ತಿಂದ ನಾಯಿಗಳೂ ಅದೇ ರೀತಿ ಸಾಯುತ್ತಿದ್ದವು, ಹಾಲು ಕುಡಿಯುವ ಕೂಸುಗಳಿಗೆ ಏನೂ ಆಗಿರಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರು ಹುಡುಕುತ್ತ ಹೋಗಿ ಮುಟ್ಟಿದ್ದು ಅಕಾಲಿಕ ಮಳೆಗೆ ತೊಯ್ದು ಬೂಷ್ಟು ಹಿಡಿದಿದ್ದ ಮೆಕ್ಕೆಜೋಳವನ್ನು. ಅದನ್ನೇ ಅವರು ವಾರಗಟ್ಟಲೆ ತಿಂದಿದ್ದರು. ಅದು ಕೆಟ್ಟಿದೆ ಎಂದು ಅವರಿಗೆ ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ; ಮನೆಯಲ್ಲಿ ಬೇರೆ ಕಾಳು ಇರಲಿಲ್ಲ. ಮೂವತ್ತು ವರ್ಷಗಳ ನಂತರ, 2004ರಲ್ಲಿ, ಕೀನ್ಯಾದ ಪೂರ್ವ ಭಾಗದಲ್ಲಿ ಇದೇ ಮೆಕ್ಕೆಜೋಳ, ಇದೇ ವಿಷ: 317 ಮಂದಿಗೆ ಕಾಯಿಲೆ, 125 ಸಾವು.

ಕರ್ನಾಟಕಕ್ಕೂ ಈ ಕಥೆಯಲ್ಲಿ ಪಾಲಿದೆ. 1995ರಲ್ಲಿ ಕರ್ನಾಟಕ ಮತ್ತು ಆಂಧ್ರಪ್ರದೇಶದ ಬಯಲುಸೀಮೆಯಲ್ಲಿ ಕೊಯ್ಲಿನ ಹೊತ್ತಿಗೆ ಮಳೆ ಹೊಯ್ದು ಜೋಳ, ಮೆಕ್ಕೆಜೋಳ ಮುಗ್ಗಿದವು. ರೊಟ್ಟಿ ತಿಂದ ಅರ್ಧ ಗಂಟೆ, ಒಂದು ಗಂಟೆಯೊಳಗೆ ಹೊಟ್ಟೆನೋವು, ಹೊಟ್ಟೆಯಲ್ಲಿ ಗುಡುಗುಡು, ಭೇದಿ. ಸಮೀಕ್ಷೆ ಮಾಡಿದ 50 ಹಳ್ಳಿಗಳಲ್ಲಿ 27ರಲ್ಲಿ ಇದು ಕಂಡಿತು. ಈ ಬಾರಿ ವಿಷ ಅಫ್ಲಾಟಾಕ್ಸಿನ್ ಅಲ್ಲ, ಫ್ಯುಸೇರಿಯಂ ಎಂಬ ಬೇರೆ ಶಿಲೀಂಧ್ರದ ಫ್ಯುಮೋನಿಸಿನ್. ಹಳ್ಳಿಗಳಲ್ಲಿ ಹಾಸಿಗೆ ಹಿಡಿದವರು ಯಾರು ಎಂದು ನೋಡಿದರೆ ಕಡುಬಡವರು. ಉಳ್ಳವರ ಮನೆಯಲ್ಲಿ ಹಿಂದಿನ ವರ್ಷದ ಒಣ ಜೋಳವಿತ್ತು. ನೆನೆದ ಜೋಳ ಕಡಿಮೆ ದರಕ್ಕೆ, ಅಥವಾ ಕೂಲಿಯ ಬದಲಿಗೆ, ಯಾರ ಮನೆಗೆ ಹೋಗುತ್ತದೆ ಎಂಬುದನ್ನು ಉತ್ತರ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಪ್ರಸಂಗ ಇದಕ್ಕಿಂತ ಹಳೆಯದು, ಮನಸ್ಸಿಗೆ ಹೆಚ್ಚು ಚುಚ್ಚುವಂಥದ್ದು. ಪ್ರೋಟೀನ್ ಕೊರತೆಯಿಂದ ಸೊರಗಿದ ಮಕ್ಕಳಿಗೆ ಕಡಲೆಕಾಯಿ ಹಿಟ್ಟು ಕೊಡುವುದು ಆ ಕಾಲದ ಒಳ್ಳೆಯ ಯೋಚನೆಗಳಲ್ಲಿ ಒಂದಾಗಿತ್ತು. ಎಣ್ಣೆ ತೆಗೆದ ಮೇಲೆ ಉಳಿದ ಪ್ರೋಟೀನನ್ನು ಹಸುವಿಗೇ ಏಕೆ ಹಾಕಬೇಕು, ಮಗುವಿಗೆ ಏಕಾಗಬಾರದು ಎಂಬ ತರ್ಕ. 1971ರಲ್ಲಿ ಮೈಸೂರಿನ ವೈದ್ಯರೂ ಅಲ್ಲಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳೂ ಸೇರಿ ಅಮೆರಿಕದ ಒಂದು ಪೌಷ್ಟಿಕಾಂಶ ನಿಯತಕಾಲಿಕದಲ್ಲಿ ಪ್ರಕಟಿಸಿದ ವರದಿಯಲ್ಲಿ, ವಿಷ ಸೇರಿದ್ದ ಅಂಥ ಹಿಟ್ಟನ್ನು ತಿಳಿಯದೆ ತಿಂದ ಮಕ್ಕಳ ಯಕೃತ್ತು ಹೇಗೆ ಗಡುಸಾಗುತ್ತ ಹೋಯಿತು ಎಂಬ ವಿವರವಿದೆ. ತಪ್ಪನ್ನು ಮುಚ್ಚಿಡದೆ ಬರೆದ ಪ್ರಾಮಾಣಿಕ ವರದಿ. ವಿಶ್ವಸಂಸ್ಥೆಯ ಪ್ರೋಟೀನ್ ಸಲಹಾ ಸಮಿತಿ ಇಂಥ ಪೂರಕ ಆಹಾರಕ್ಕೆ ಕೆಜಿಗೆ 30 ಮೈಕ್ರೋಗ್ರಾಂ ಎಂಬ ಮಿತಿಯನ್ನು 1960ರ ದಶಕದಲ್ಲೇ ಹಾಕಿತ್ತು. ಭಾರತದ ಕಾನೂನಿನಲ್ಲೂ ಆ 30 ಬಹುಕಾಲ ಉಳಿಯಿತು. ಈಗ ಧಾನ್ಯ, ಬೇಳೆ, ಕಡಲೆಕಾಯಿಗಳಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ 15.

ಹದಿನೈದು ಮೈಕ್ರೋಗ್ರಾಂ ಎಂದರೆ ಎಷ್ಟು? ಹತ್ತು ಟನ್ ಹೊತ್ತ ಲಾರಿಯಲ್ಲಿ 0.15 ಗ್ರಾಂ. ಒಂದು ಚಿಟಿಕೆ ಉಪ್ಪಿಗಿಂತ ಕಡಿಮೆ. ಇನ್ನೊಂದು ಕಡೆಯಿಂದ ನೋಡಿ: ಬೂಷ್ಟು ಹೊಕ್ಕ ಒಂಟಿ ಕಡಲೆಕಾಯಿ ಬೀಜದಲ್ಲಿ ಕೆಜಿಗೆ 10 ಲಕ್ಷ ಮೈಕ್ರೋಗ್ರಾಂ ಲೆಕ್ಕದಷ್ಟು ವಿಷ ಸಿಕ್ಕ ದಾಖಲೆಗಳಿವೆ. ಅರ್ಧ ಗ್ರಾಂ ತೂಗುವ ಅಂಥ ಒಂದೇ ಬೀಜವನ್ನು ಅರೆದು ಬೆರೆಸಿದರೆ 33 ಕೆಜಿ ಶುದ್ಧ ಬೀಜ ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ಪರೀಕ್ಷೆ ಕಷ್ಟವಾಗುವುದು ಇದಕ್ಕೇ. ಲಾರಿಯ ಮೇಲಿನ ಚೀಲಕ್ಕೆ ಬಂಬು (ಮಾದರಿ ತೆಗೆಯುವ ಚೂಪು ಕೊಳವೆ) ಚುಚ್ಚಿ ಒಂದು ಹಿಡಿ ಕಾಳು ತೆಗೆದರೆ ಆ ಒಂದು ಬೀಜ ಸಿಗುವ ಸಂಭವ ಎಷ್ಟು? 'ಪರೀಕ್ಷೆಯಲ್ಲಿ ಪಾಸಾಗಿದೆ' ಎಂಬ ಚೀಟಿ ಹಲವು ಸಲ ಹೇಳುವುದು ವಿಷವಿಲ್ಲ ಎಂದಲ್ಲ, ಆ ಹಿಡಿಯಲ್ಲಿ ಸಿಗಲಿಲ್ಲ ಎಂದು.

ಕೆಳಕ್ಕೆ ಇಳಿಯುವ ಮೆಟ್ಟಿಲು

ಐರೋಪ್ಯ ಒಕ್ಕೂಟ ನೇರವಾಗಿ ತಿನ್ನುವ ಕಡಲೆಕಾಯಿಯಲ್ಲಿ ಒಟ್ಟು ಅಫ್ಲಾಟಾಕ್ಸಿನ್ 4 ಮೈಕ್ರೋಗ್ರಾಂ ದಾಟಬಾರದು ಎನ್ನುತ್ತದೆ. ಮೆಣಸಿನಕಾಯಿಯಂಥ ಸಾಂಬಾರ ಪದಾರ್ಥಕ್ಕೆ 10. ನಮ್ಮಲ್ಲಿ ಅದಕ್ಕೆ 30. ರಫ್ತಾಗುವ ಸರಕನ್ನು ಬಣ್ಣ ಗುರುತಿಸುವ ಯಂತ್ರ ಆರಿಸುತ್ತದೆ, ನಂತರ ಹೆಂಗಸರ ಕೈ ಆರಿಸುತ್ತದೆ. ಬಹಳ ಚೆನ್ನಾಗಿ ಆರಿಸುತ್ತಾರೆ. ಹಾಗೆ ಆರಿಸಿ ಬಿಟ್ಟದ್ದು, ಬಂದರಿನಿಂದ ವಾಪಸು ಬಂದದ್ದು ಗುಂಡಿಗೆ ಹೋಗುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ: ಊರಿನ ಮಾರುಕಟ್ಟೆಗೆ, ಚಿಕ್ಕಿ, ಚಟ್ನಿಪುಡಿ ಮಾಡುವವರಿಗೆ, ಉಳಿದದ್ದು ಎಣ್ಣೆ ಮಿಲ್ಲಿಗೆ. ಪುಡಿ ಮಾಡಿದ ಮೇಲೆ, ಮಸಾಲೆ ಬೆರೆತ ಮೇಲೆ ಬೂಷ್ಟು ಹಿಡಿದ ಕಾಳನ್ನು ಯಾವ ಅಮ್ಮನ ಬೆರಳೂ ಹುಡುಕಲಾರದು.

ಎಣ್ಣೆ ಮಿಲ್ಲಿನಲ್ಲಿ ವಿಷದ ಬಹುಭಾಗ ಹಿಂಡಿಯಲ್ಲಿ ಉಳಿಯುತ್ತದೆ, ಸ್ವಲ್ಪ ಭಾಗ ಎಣ್ಣೆಗೆ ಬರುತ್ತದೆ. ರಿಫೈನರಿಯ ಕ್ಷಾರ ಅದನ್ನು ತೆಗೆದುಹಾಕುತ್ತದೆ. ಗಾಣದ ಎಣ್ಣೆಯಲ್ಲಿ ಆ ಹಂತವೇ ಇಲ್ಲ. ಗಾಣದ ಎಣ್ಣೆಯ ಮೇಲಿನ ಈಗಿನ ಮೋಹವನ್ನು ನಾನು ಹಂಗಿಸುತ್ತಿಲ್ಲ, ಅದರ ಪರಿಮಳಕ್ಕೆ ನಾನೂ ಸೋತವನೇ. ಆದರೆ ಅಂಗಡಿಯವನನ್ನು ಮರದ ಗಾಣವೋ ಕಬ್ಬಿಣದ್ದೋ ಎಂದು ಕೇಳುವ ಬದಲು ಬೀಜವನ್ನು ಆರಿಸಿ ಹಾಕಿದ್ದೀರಾ ಎಂದು ಕೇಳುವುದು ಒಳ್ಳೆಯದು. ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1970ರ ದಶಕದಲ್ಲೇ ತೋರಿಸಿದಂತೆ ಕಡಲೆಕಾಯಿ ಎಣ್ಣೆಯನ್ನು ಗಾಜಿನ ಪಾತ್ರೆಯಲ್ಲಿ ಬಿಸಿಲಿಗೆ ಇಟ್ಟರೆ ಅದರಲ್ಲಿರುವ ಅಫ್ಲಾಟಾಕ್ಸಿನ್ ಬಿಸಿಲಿನ ಬೆಳಕಿಗೆ ಒಡೆಯುತ್ತದೆ. ಇಷ್ಟು ಅಗ್ಗದ ಉಪಾಯ ಊರಿನ ಗಾಣಗಳವರೆಗೆ ಬಂದೇ ಇಲ್ಲ.

ಹಿಂಡಿ ಹಸುವಿನ ಮುಂದೆ ಬೀಳುತ್ತದೆ. ಹಸುವಿನ ಯಕೃತ್ತು ಬಿ1 ಅನ್ನು ಎಂ1 ಎಂಬ ಇನ್ನೊಂದು ರೂಪಕ್ಕೆ ತಿರುಗಿಸುತ್ತದೆ. ತಿಂದ ವಿಷದ ಶೇ 1ರಿಂದ 2ರಷ್ಟು, ಹೆಚ್ಚು ಹಾಲು ಕೊಡುವ ಹಸುವಿನಲ್ಲಿ ಇನ್ನೂ ಹೆಚ್ಚು, ಒಂದು ದಿನದೊಳಗೆ ಕೆಚ್ಚಲಿಗೆ ಬರುತ್ತದೆ. ಕಾಯಿಸಿದರೂ ಪಾಶ್ಚರೀಕರಿಸಿದರೂ ಹೋಗುವುದಿಲ್ಲ. ಕೆಜಿಗೆ 50 ಮೈಕ್ರೋಗ್ರಾಂ ವಿಷವಿರುವ ಮೇವನ್ನು ಒಂದು ಹಸು ದಿನಕ್ಕೆ ನಾಲ್ಕು ಕೆಜಿ ತಿಂದಿತು ಎನ್ನಿ. ಒಟ್ಟು 200, ಅದರ ಶೇ 2 ಎಂದರೆ 4 ಮೈಕ್ರೋಗ್ರಾಂ. ಎಂಟು ಲೀಟರ್ ಹಾಲಿಗೆ ಹಂಚಿದರೆ ಲೀಟರಿಗೆ 0.5. ಭಾರತದ ಮಿತಿಯೂ ಸರಿಯಾಗಿ ಅಷ್ಟೇ. ಯುರೋಪಿನದು ಅದರ ಹತ್ತನೆಯ ಒಂದು ಪಾಲು. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದ ಉದ್ದಗಲದಿಂದ 6,432 ಹಾಲಿನ ಮಾದರಿಗಳನ್ನು ತರಿಸಿ ನೋಡಿತು. ಜನರಿಗೆ ಇದ್ದ ಭಯ ಯೂರಿಯಾ, ಡಿಟರ್ಜೆಂಟ್‌ಗಳದ್ದು. ಕಲಬೆರಕೆ ಸಿಕ್ಕ ಮಾದರಿಗಳು ಬೆರಳೆಣಿಕೆಯಷ್ಟು. ಎಂ1 ಮಿತಿ ಮೀರಿದ್ದು 368ರಲ್ಲಿ, ಶೇ 5.7. ಪ್ಯಾಕೆಟ್ ಹಾಲಿನಲ್ಲಿ ಅದು ಬಿಡಿ ಹಾಲಿಗಿಂತ ಹೆಚ್ಚಾಗಿತ್ತು. ಡೇರಿಯ ಯಂತ್ರ ವಿಷ ಸೇರಿಸುವುದಿಲ್ಲ, ಆದರೆ ಬಂದದ್ದನ್ನು ತೆಗೆಯಲೂ ಅದಕ್ಕೆ ಬರುವುದಿಲ್ಲ. ಸಮಾಧಾನದ ಸಂಗತಿ ಒಂದಿದೆ: ಕೆಟ್ಟ ಮೇವು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ. ಅಂದರೆ ಹಾಲನ್ನು ಪರೀಕ್ಷಿಸುವುದಕ್ಕಿಂತ ಹಿಂಡಿಯ ಚೀಲವನ್ನು ಪರೀಕ್ಷಿಸುವುದು ಬುದ್ಧಿವಂತಿಕೆ. ಜಾನುವಾರು ಮೇವಿಗೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡವಿದೆ, ಬಿ1 ಕೆಜಿಗೆ 20 ಮೈಕ್ರೋಗ್ರಾಂ ಮೀರುವಂತಿಲ್ಲ. ಊರಂಗಡಿಯಲ್ಲಿ ತೂಗಿ ಕೊಡುವ ಬಿಡಿ ಹಿಂಡಿಗೆ ಆ ಮುದ್ರೆ ಎಲ್ಲಿಂದ ಬರಬೇಕು?

ಕೋಳಿಯ ಮೊಟ್ಟೆಗೆ ಸೇರುವ ಪಾಲು ಹಾಲಿಗಿಂತ ಬಹಳ ಕಡಿಮೆ. ಸೋಜಿಗವೆಂದರೆ ಈ ವಿಷದ ಬಗ್ಗೆ ನಮ್ಮಲ್ಲಿ ಅತ್ಯಂತ ಎಚ್ಚರದಿಂದ ಇರುವವರು ಕೋಳಿ ಸಾಕಣೆಯ ಉದ್ದಿಮೆಯವರೇ. ವಿಷವಿದ್ದರೆ ಮರಿಗಳ ತೂಕ ಏರುವುದಿಲ್ಲ, ನಷ್ಟ ವಾರದೊಳಗೆ ಲೆಕ್ಕದ ಪುಸ್ತಕದಲ್ಲಿ ಕಾಣುತ್ತದೆ. ಹಾಗಾಗಿ ದೊಡ್ಡ ಮೇವಿನ ಕಾರ್ಖಾನೆಗಳು ಮೆಕ್ಕೆಜೋಳದ ಲಾರಿಯನ್ನು ಗೇಟಿನಲ್ಲೇ ನಿಲ್ಲಿಸಿ ಪರೀಕ್ಷಿಸುತ್ತವೆ, ಮೇವಿಗೆ ವಿಷ ಹೀರುವ ಜೇಡಿಮಣ್ಣಿನ ಪುಡಿ ಬೆರೆಸುತ್ತವೆ. ಮನುಷ್ಯನ ಯಕೃತ್ತಿನ ನಷ್ಟ ಇಪ್ಪತ್ತು ವರ್ಷ ಕಳೆದು ಕಾಣುವಂಥದ್ದು, ಅದಕ್ಕೆ ಲೆಕ್ಕದ ಪುಸ್ತಕವಿಲ್ಲ.

ಈಚೆಗೆ ಮೆಟ್ಟಿಲಿಗೆ ಒಂದು ಹೊಸ ಹಂತ ಸೇರಿದೆ. ಪೆಟ್ರೋಲಿಗೆ ಶೇ 20 ಎಥೆನಾಲ್ ಬೆರೆಸುವ ಗುರಿಗಾಗಿ ಮೆಕ್ಕೆಜೋಳವೂ, ತಿನ್ನಲು ಯೋಗ್ಯವಲ್ಲದ ಹಾಳಾದ ಧಾನ್ಯವೂ ಡಿಸ್ಟಿಲರಿಗಳಿಗೆ ಹೋಗುತ್ತಿವೆ. ಕೆಟ್ಟ ಕಾಳಿಗೆ ಇಂಧನವಾಗುವುದಕ್ಕಿಂತ ಒಳ್ಳೆಯ ಗತಿ ಯಾವುದಿದೆ ಎನ್ನಿಸುತ್ತದೆ. ಹುದುಗಿಸುವಾಗ ಪಿಷ್ಟ ಮದ್ಯಸಾರವಾಗಿ ಹೋಗುತ್ತದೆ. ವಿಷ ಹುದುಗುವುದಿಲ್ಲ, ಬಟ್ಟಿಯಲ್ಲಿ ಮೇಲೇಳುವುದೂ ಇಲ್ಲ. ಕಾಳಿನ ತೂಕದ ಸುಮಾರು ಮೂರನೆಯ ಒಂದು ಪಾಲಿಗೆ ಕುಗ್ಗಿ ಉಳಿಯುವ ಚರಟದಲ್ಲಿ ಅದು ಸರಿಸುಮಾರು ಮೂರು ಪಟ್ಟು ಸಾಂದ್ರವಾಗಿ ಕೂರುತ್ತದೆ. ಆ ಚರಟ ಒಣಗಿಸಿದಾಗ ಡಿಡಿಜಿಎಸ್ ಎಂಬ ಹೆಸರಿನ, ಪ್ರೋಟೀನ್ ತುಂಬಿದ, ಅಗ್ಗದ ಪಶು ಆಹಾರ. ಮೂಲೆಗೆ ತಳ್ಳಿದ ಕಾಳು ಮೂರರಷ್ಟು ಮೊನಚಾಗಿ ಮತ್ತೆ ಕಲಗಚ್ಚಿಗೇ ಬಿತ್ತು.

ಇದನ್ನು ತಡೆಯಲಾಗದು ಎಂದು ಯಾರೂ ಹೇಳುವಂತಿಲ್ಲ. ಚೀನಾದ ಚಿದೊಂಗ್ ಎಂಬಲ್ಲಿ ಯಕೃತ್ತಿನ ಕ್ಯಾನ್ಸರ್ ವಿಪರೀತವಿತ್ತು. ಜನರ ಊಟ ಮುಗ್ಗಿದ ಮೆಕ್ಕೆಜೋಳದಿಂದ ಅಕ್ಕಿಗೆ ಬದಲಾದ ಮೇಲಿನ ದಶಕಗಳಲ್ಲಿ ಅದು ಗಣನೀಯವಾಗಿ ಇಳಿಯಿತು. ಆಫ್ರಿಕಾದ ಹಲವು ದೇಶಗಳಲ್ಲಿ ಅಫ್ಲಾಸೇಫ್ ಎಂಬುದನ್ನು ಹೊಲಕ್ಕೆ ಎರಚುತ್ತಾರೆ: ವಿಷ ತಯಾರಿಸಲು ಬಾರದ ಫ್ಲೇವಸ್ ತಳಿಗಳನ್ನು ಹುರಿದ ಜೋಳದ ಕಾಳಿಗೆ ಲೇಪಿಸಿ ಎರಚಿದರೆ ಅವು ಮೊದಲೇ ಜಾಗ ಹಿಡಿದು ವಿಷದ ತಳಿಗಳಿಗೆ ಎಡೆ ಕೊಡುವುದಿಲ್ಲ. ಬೂಷ್ಟಿನ ವಿರುದ್ಧ ಬೂಷ್ಟು, ಅದಕ್ಕೆ ವಾಹನ ನಮ್ಮ ಜೋಳ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಕ್ಯಾಮರೂನಿನ ಅಲಸಂದೆ ಬೆಳೆಗಾರರಿಗಾಗಿ ರೂಪಿಸಿದ ಮೂರು ಪದರದ ಗಾಳಿಯಾಡದ ಚೀಲ ಇನ್ನೊಂದು. ಒಳಗಿನ ಆಮ್ಲಜನಕವನ್ನು ಹುಳಗಳೇ ಉಸಿರಾಡಿ ಮುಗಿಸಿ ತಾವೇ ಸಾಯುತ್ತವೆ. ಉತ್ತರ ಕರ್ನಾಟಕದ ಹಗೇವು ಮಾಡುತ್ತಿದ್ದುದೂ ಇದನ್ನೇ. ನೆಲದಡಿಯ ಆ ಗುಳಿಯ ಸುತ್ತ ಕಣಿಕೆ ಒತ್ತಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮೆತ್ತಿದರೆ ವರ್ಷಗಟ್ಟಲೆ ನುಸಿಯ ಕಾಟವಿಲ್ಲ. ತೆರೆದ ತಕ್ಷಣ ಒಳಗಿಳಿದವರು ಉಸಿರುಗಟ್ಟಿ ಸತ್ತ ಸುದ್ದಿಗಳು ಅಲ್ಲಿ ಗಾಳಿ ಎಷ್ಟು ಮುಗಿದಿರುತ್ತಿತ್ತು ಎಂಬುದಕ್ಕೆ ಸಾಕ್ಷಿ. ಹಳೆಯದನ್ನು ಹೊಗಳುವ ಭರದಲ್ಲಿ ಒಂದು ಮಾತು ಮರೆಯಬಾರದು: ಹಗೇವಾಗಲಿ ಚೀಲವಾಗಲಿ, ಹಸಿ ಕಾಳು ತುಂಬಿದರೆ ಬೂಷ್ಟು ಹಿಡಿದೇ ಹಿಡಿಯುತ್ತದೆ. ಸಂಗ್ರಹ ಕಾಳನ್ನು ಒಣಗಿಸುವುದಿಲ್ಲ.

ಹಾಗಾಗಿ ಹಣ ಸುರಿಯಬೇಕಾದದ್ದು ಒಣಗಿಸುವುದಕ್ಕೆ. ಗ್ರಾಮ ಪಂಚಾಯಿತಿಗೊಂದು ಕಾಂಕ್ರೀಟ್ ಕಣ, ಹೋಬಳಿಗೊಂದು ಒಣಗಿಸುವ ಯಂತ್ರ, ಯಾರ್ಡಿನಲ್ಲಿ ತೇವಮಾಪಕದ ಪಕ್ಕ ಹತ್ತು ನಿಮಿಷದಲ್ಲಿ ಫಲಿತಾಂಶ ಕೊಡುವ ಅಫ್ಲಾಟಾಕ್ಸಿನ್ ಪರೀಕ್ಷೆಯ ಕಾಗದದ ಪಟ್ಟಿ, ಶುದ್ಧ ಕಾಳಿಗೆ ಹೆಚ್ಚಿನ ದರ. ಇವೆಲ್ಲ ಹಿಂದೆಯೂ ಕೇಳಿಬಂದ ಬೇಡಿಕೆಗಳು. ಇವುಗಳ ಜೊತೆಗೆ ಯಾರೂ ಕೇಳದ ಒಂದನ್ನು ಸೇರಿಸುತ್ತೇನೆ. ಪರೀಕ್ಷೆಯಲ್ಲಿ ಸೋತ ಕಾಳನ್ನು ಯಾರಾದರೂ ದುಡ್ಡು ಕೊಟ್ಟು ಕೊಂಡು ನಾಶ ಮಾಡಬೇಕು, ಇಲ್ಲವೇ ಚರಟ ಮೇವಿಗೆ ಮರಳದ ಹಾಗೆ ಉರಿಸಬೇಕು. ಕೆಟ್ಟ ಕಾಳಿಗೂ ಒಂದು ಬೆಲೆ ಇರುವವರೆಗೆ ಅದು ಮಾರಾಟವಾಗುತ್ತಲೇ ಇರುತ್ತದೆ, ಕೊಳ್ಳುವವನು ಪ್ರತಿ ಸಲವೂ ಒಂದು ಮೆಟ್ಟಿಲು ಕೆಳಗಿನವನೇ ಆಗಿರುತ್ತಾನೆ. ಬರಿಯ ನಿಷೇಧದಿಂದ ಆಗುವುದು ಇಷ್ಟೆ: ಕಾಳು ರಾತ್ರಿ ಹೊತ್ತು ಸಾಗುತ್ತದೆ.

ಮನೆಯ ಮಟ್ಟಿಗೆ ಹೇಳುವುದು ಕಡಿಮೆ. ಬೀಜವನ್ನು ಇಡಿಯಾಗಿ ತಂದು ಆರಿಸಿ, ಪುಡಿಯನ್ನು ಆರಿಸಲಾಗದು. ಬಾಯಿಗೆ ಕಹಿ ಬಂದ ಕಡಲೆಕಾಯಿಯನ್ನು ನುಂಗದೆ ಉಗಿಯಿರಿ. ಮುಗ್ಗಿದ ಹಿಟ್ಟನ್ನು ಬಿಸಿಲಿಗಿಟ್ಟು ವಾಸನೆ ಹೋಯಿತೆಂದು ಬಳಸಬೇಡಿ.

ಆರಿಸಿದ ಹಿಡಿ ಕಾಳನ್ನು ಇನ್ನು ಮೇಲೆ ಒಲೆಗೆ ಹಾಕು ಎಂದು ಅಮ್ಮನಿಗೆ ಹೇಳಿದೆ. "ಕಾಳನ್ನು ಬೆಂಕಿಗೆ ಹಾಕುತ್ತಾರೇನೋ?" ಎಂದು ಗದರಿದಳು. ಕಡೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದು, ತೆಂಗಿನ ಬುಡದಲ್ಲಿ ಸಣ್ಣ ಗುಳಿ ತೋಡಿ ಅದರಲ್ಲಿ ಮುಚ್ಚುವುದೆಂದಾಯಿತು. ಮೊನ್ನೆ ನೋಡಿದರೆ ಪಕ್ಕದ ಮನೆಯ ಕೋಳಿಗಳು ಅಲ್ಲಿ ಮಣ್ಣು ಕೆದರುತ್ತಿದ್ದವು. ಇನ್ನೊಂದು ಗೇಣು ಆಳ ತೋಡಬೇಕು.